ಜಿಪ್ಪಕ್ಕನ ಸಣ್ಣ ದಿಂಬುಗಳು

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಬೀಗ ರಿಪೇರಿಯವನ ಗೂಡಂಗಡಿಗೂ ಒಂದು ಹಳೆಯ ಫೋಟೊ ಸ್ಟುಡಿಯೋಗೂ ನಡುವೆ ಸಿಕ್ಕಿಕೊಂಡಿರುವ ಅಂಗಡಿ ಅವಳದು. ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಒಂದು ಮೇಜು, ಗೋಡೆಗೆ ಹೊಡೆದ ಎರಡು ಹಲಗೆ, ಮೂಲೆಯಲ್ಲಿ ಬಟ್ಟೆ ಹಾಕಿ ನೋಡುವುದಕ್ಕೆ ಒಂದು ಪರದೆ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಓಣಿಯಲ್ಲೇ ನಿಲ್ಲಬೇಕು. ಹೊಸ ಬಟ್ಟೆ ಹೊಲಿಯುವ ಗೋಜಿಗೆ ಅವಳು ಹೋದವಳಲ್ಲ. ಪ್ಯಾಂಟಿನ ಅಂಚು ಮಡಚುವುದು, ಕೋಟಿನ ಒಳಬಟ್ಟೆ ಬದಲಿಸುವುದು, ಶಾಲೆಯ ಚೀಲಕ್ಕೆ ಪಟ್ಟಿ ಹಾಕುವುದು, ಎಲ್ಲಕ್ಕಿಂತ ಹೆಚ್ಚಾಗಿ ಜಿಪ್ಪು ಸರಿಮಾಡುವುದು ಅವಳ ಕಸುಬು. ಹಲ್ಲು ಕಳಚಿದ ಜಿಪ್ಪು, ಅರ್ಧದಲ್ಲಿ ಸಿಕ್ಕಿಬಿದ್ದ ಜಿಪ್ಪು, ಊರಿಗೆ ಹೊರಡುವ ಹೊತ್ತಿಗೇ ಕೈಕೊಟ್ಟ ಸೂಟ್‌ಕೇಸಿನ ಜಿಪ್ಪು, ಯಾವುದೇ ಇರಲಿ, ಅವಳ ಕೈಗೆ ಬಂದರೆ ಹೇಳಿದಂತೆ ಕೇಳುತ್ತಿತ್ತು. ಹಾಗಾಗಿ ಓಣಿಗೆಲ್ಲ ಅವಳು ಜಿಪ್ಪಕ್ಕ.

ಹೆಸರಿಗೆ ಇನ್ನೊಂದು ಕಾರಣವೂ ಇತ್ತೆನ್ನಿ. ಅವಳಿಗೆ ಮಾತು ಕಡಿಮೆ. ಗಿರಾಕಿ ಒಂದು ಪುರಾಣ ಹೇಳಿದರೆ ಅವಳ ಉತ್ತರ ‘ನಾಳೆ ಬನ್ನಿ’ ಎಂಬ ಎರಡು ಪದ. ಅವಳ ಗಂಡ ಬ್ರೆಡ್ಡಿನ ಕಾರ್ಖಾನೆಯ ವ್ಯಾನು ಓಡಿಸುವವನು, ಒಳ್ಳೆಯ ಮನುಷ್ಯ, ಆದರೆ ತಮಾಷೆ ಮಾಡದಿದ್ದರೆ ತಿಂದದ್ದು ಅರಗುವುದಿಲ್ಲ. ‘ನಮ್ಮನೆಯವಳು ಬಾಯಿಗೂ ಒಂದು ಜಿಪ್ಪು ಹಾಕ್ಕೊಂಡಿದಾಳೆ, ಎಳೆಯೋ ತುದಿ ಎಲ್ಲಿದೆ ಅಂತ ನಂಗೂ ಗೊತ್ತಿಲ್ಲ’ ಎಂದು ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ನಗುತ್ತಿದ್ದ.

ಆ ಮನೆಯ ಮಾತನ್ನೆಲ್ಲ ಗುತ್ತಿಗೆ ಹಿಡಿದವಳು ಓರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವಳು ಅದೇ ಮನೆಯ ಮಹಡಿಯ ಕೋಣೆಯಲ್ಲಿದ್ದಳು. ಹೋಟೆಲುಗಳ ಹಾಸು ಹೊದಿಕೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಬೆಳಗಿನಿಂದ ಸಂಜೆತನಕ ಆವಿಯಲ್ಲಿ ನಿಂತು ಬಂದರೂ ಮೆಟ್ಟಿಲ ಬುಡದಿಂದಲೇ ಮಾತು ಶುರು. ಜಿಪ್ಪಕ್ಕ ಸೊಸೆಯಾಗಿ ಬಂದ ಹೊಸದರಲ್ಲಿ, ಅತ್ತೆಯ ಕಣ್ಣಿಗೆ ಇವಳು ಮಾಡಿದ್ದೆಲ್ಲ ತಪ್ಪಾಗಿ ಕಾಣುತ್ತಿದ್ದ ಕಾಲದಲ್ಲಿ, ಇವಳ ಪರವಾಗಿ ಬಾಯಿ ಮಾಡಿದವಳು ಅವಳೊಬ್ಬಳೇ. ತನ್ನ ತವರಿಂದ ತಂದಿದ್ದ ಹೊಲಿಗೆ ಯಂತ್ರವನ್ನು ‘ಕೂತು ಮಾಡೋ ಕೆಲಸ ನನ್ನ ಜಾಯಮಾನಕ್ಕೆ ಬರಲ್ಲ, ತಗೋ’ ಎಂದು ಇವಳ ಕೋಣೆಗೆ ತಳ್ಳಿದವಳೂ ಅವಳೇ. ಜಿಪ್ಪಕ್ಕನಿಗೆ ಅಕ್ಕತಂಗಿಯರಿರಲಿಲ್ಲ. ಓರಗಿತ್ತಿಯನ್ನು ಅಕ್ಕ ಎಂದು ಕರೆಯುತ್ತಿದ್ದುದು ಬರೀ ಬಾಯಿಮಾತಿಗಲ್ಲ.

ಹೀಗಿರುವಾಗ ಒಂದು ದಿನ ಮಹಿಳಾ ಆರೋಗ್ಯ ಕೇಂದ್ರದ ನರ್ಸು ಒಂದು ಚೀಲ ಹಿಡಿದುಕೊಂಡು ಅಂಗಡಿಗೆ ಬಂದಳು. ಚೀಲದ ಜಿಪ್ಪು ಚೆನ್ನಾಗಿಯೇ ಇತ್ತು. ನರ್ಸು ಓಣಿಯ ಆ ಕಡೆ ಈ ಕಡೆ ನೋಡಿ, ಮೇಜಿನ ಮೇಲೆ ಒಂದು ರಬ್ಬರಿನ ಸ್ತನ ಇಟ್ಟಳು. ಕೇಂದ್ರಕ್ಕೆ ತರಬೇತಿಗೆಂದು ಬಂದಿದ್ದ ಒಂದೇ ಒಂದು ಮಾದರಿ ಅದು. ಹೆಂಗಸರು ಒತ್ತಿ ಒತ್ತಿ ಪಕ್ಕದಲ್ಲಿ ಸೀಳಿಹೋಗಿತ್ತು.

‘ಹೊಲಿಯಕ್ಕಾಗತ್ತಾ ಜಿಪ್ಪಕ್ಕ?’

‘ರಬ್ಬರು. ಸೂಜಿ ಹಾಕಿದ್ರೆ ಇನ್ನೂ ಸೀಳತ್ತೆ.’

ನರ್ಸಿನ ಮುಖ ಸಪ್ಪಗಾಯಿತು. ಜಿಪ್ಪಕ್ಕ ಅದನ್ನು ಕೈಗೆ ತೆಗೆದುಕೊಂಡು ಹಿಚುಕಿ ನೋಡಿದಳು. ಬೆರಳಿಗೆ ಗಟ್ಟಿಯಾಗಿ ಏನೋ ತಾಗಿತು. ‘ಒಳಗೇನಿದೆ ಸಿಸ್ಟರ್?’

‘ಅದೇ ಗಂಟು. ಹೆಂಗಸರು ತಮ್ಮ ಎದೆ ಹೇಗಿದೆ ಅಂತ ತಾವೇ ತಿಳ್ಕೊಂಡಿರ್ಬೇಕು, ಏನಾದ್ರೂ ಹೊಸದಾಗಿ ಕೈಗೆ ಸಿಕ್ರೆ ಬಂದು ತೋರಿಸ್ಬೇಕು ಅಂತ ಹೇಳ್ತಾನೇ ಇರ್ತೀವಿ. ಗಂಟು ಕೈಗೆ ಹೇಗೆ ಸಿಗತ್ತೆ ಅಂತ ಬಾಯಲ್ಲಿ ಹೇಳೋದು ಹೇಗೆ? ಹೊಸದು ತರಿಸ್ಕೊಡಿ ಅಂದ್ರೆ ಮುಂದಿನ ವರ್ಷ ನೋಡೋಣ ಅಂತಾರೆ.’

ಜಿಪ್ಪಕ್ಕ ಅದನ್ನು ಇನ್ನೊಮ್ಮೆ ಹಿಚುಕಿ ನೋಡಿ, ‘ಬಟ್ಟೇಲಿ ಮಾಡ್ಕೊಡ್ತೀನಿ’ ಎಂದಳು.

ಹೇಳುವುದೇನೋ ಹೇಳಿಬಿಟ್ಟಳು, ಆಮೇಲೆ ಒಂದು ವಾರ ತಲೆ ಕೆಡಿಸಿಕೊಂಡಳು. ಮೊದಲನೆಯದು ಮಗುವಿನ ತಲೆದಿಂಬಿನ ಹಾಗಾಯಿತು. ‘ಇಷ್ಟು ಮೆತ್ತಗೆ ಯಾರಿಗಿರತ್ತೆ? ನಿಜವಾದದ್ದು ಒಳಗೆ ಸ್ವಲ್ಪ ಹರಳು ಹರಳಾಗಿರತ್ತೆ’ ಎಂದಳು ನರ್ಸು. ಜಿಪ್ಪಕ್ಕ ಬನಿಯನ್ ಬಟ್ಟೆಯನ್ನು ಎರಡು ಪದರ ಮಾಡಿ, ಒಳಗೆ ಸ್ಪಂಜಿನ ಚೂರಿಗೆ ಹತ್ತಿಯ ಉಂಡೆ ಬೆರೆಸಿ ತುಂಬಿದಳು. ಹಿಂಬದಿಗೆ ದಪ್ಪ ಬಟ್ಟೆ ಕೊಟ್ಟು, ಎದೆಗೆ ಕಟ್ಟಿಕೊಳ್ಳಲು ಪಟ್ಟಿ ಹಾಕಿದಳು. ಕಟ್ಟಿಕೊಂಡು ನೋಡಿದರೆ ತಮ್ಮದನ್ನೇ ನೋಡಿಕೊಂಡ ಹಾಗಿರುತ್ತದೆ ಎಂಬುದು ಅವಳದೇ ಯೋಚನೆ. ನರ್ಸು ಅದನ್ನು ಕೇಳಿ ಭೇಷ್ ಎಂದಳು.

ಕಾಟ ಕೊಟ್ಟದ್ದು ಗಂಟು. ಗಾಜಿನ ಮಣಿಯೇನೋ ಸರಿಯಾಗಿತ್ತು. ಆದರೆ ಮೊದಲೇ ಇಟ್ಟು ಹತ್ತಿ ತುಂಬಿದರೆ ತುಂಬುವ ರಭಸಕ್ಕೆ ಜಾರಿ ಎಲ್ಲಿಗೋ ಹೋಗಿಬಿಡುತ್ತಿತ್ತು, ಹುಡುಕಿದರೆ ಹೊಲಿದವಳಿಗೇ ಸಿಗುತ್ತಿರಲಿಲ್ಲ. ಕೊನೆಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ಯಾವ ದಿಂಬಾದರೂ ತಿರುಗಿಸಿ ತುಂಬುವುದಕ್ಕೆ ಒಂದು ಬಾಯಿ ಬಿಟ್ಟಿರುತ್ತಾರಲ್ಲ, ಇದಕ್ಕೂ ಕೆಳಗಡೆ ಹೊರಮಗ್ಗುಲಲ್ಲಿ ಬಾಯಿ ಬಿಟ್ಟಿದ್ದಳು. ಪೂರ್ತಿ ತುಂಬಿ ಆದಮೇಲೆ, ಬಾಯಿ ಮುಚ್ಚುವ ಮುಂಚೆ ಎರಡು ಬೆರಳಿನಿಂದ ಮಣಿಯನ್ನು ಒಳಗೆ ತೂರಿಸಿ, ಅಲ್ಲೇ ಪಕ್ಕದ ಬಟ್ಟೆಗೆ ಒಂದು ದಾರ ಕಚ್ಚಿಸಿ, ಬಾಯಿಗೆ ಕೈಹೊಲಿಗೆ ಹಾಕಿಬಿಟ್ಟರಾಯಿತು. ಮಣಿ ಅಲ್ಲಾಡಲಿಲ್ಲ. ನರ್ಸು ಒತ್ತಿ ನೋಡಿ ಹಿಗ್ಗಿಹೋದಳು. ‘ಇದೇ! ಹೀಗೇ ಸಿಗೋದು! ಇಂಥವು ಇನ್ನಷ್ಟು ಬೇಕಲ್ಲ ಜಿಪ್ಪಕ್ಕ!’

ಅಂಗಡಿಗೆ ಹೊಸ ಕಳೆ ಬಂತು. ಹೊಲಿದು ಮುಗಿದದ್ದನ್ನು ಮೊಳೆಗೆ ತೂಗುಹಾಕುತ್ತಿದ್ದಳು. ಪ್ಯಾಂಟಿನ ಜಿಪ್ಪು ಹಾಕಿಸಲು ಬಂದ ಗಂಡಸರು ಕತ್ತೆತ್ತಿ ನೋಡಿ, ಬಂದ ಕೆಲಸ ಮರೆತು, ‘ಆಮೇಲೆ ಬರ್ತೀನಿ’ ಎಂದು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಆಮೇಲೆ ಅವಳು ಅವುಗಳ ಮೇಲೊಂದು ಟವೆಲು ಹೊದಿಸತೊಡಗಿದಳು. ಓರಗಿತ್ತಿ ಮೊದಲ ಸಲ ಟವೆಲು ಎತ್ತಿ ನೋಡಿದಾಗ ಸೊಂಟಕ್ಕೆ ಕೈಕೊಟ್ಟು ನಿಂತಳು.

‘ಇದೇನೇ, ಎಲ್ಲಾ ಒಂದೊಂದೇ ಹೊಲಿದಿದೀಯ? ಜೋಡಿ ಎಲ್ಲೇ?’

‘ಕಲಿಯಕ್ಕೆ ಒಂದು ಸಾಕಂತೆ ಅಕ್ಕ.’

‘ಇಷ್ಟು ವಯಸ್ಸಾದ್ಮೇಲೆ ಇದನ್ನ ಬೇರೆ ಕಲೀಬೇಕಾ?’ ಎಂದು ಅವಳು ನಕ್ಕಳು. ಆದರೆ ಕೇಂದ್ರದವರು ಲಾಂಡ್ರಿಗೆ ಬಂದಾಗ ಎಲ್ಲರಿಗಿಂತ ಮುಂದೆ ನಿಂತವಳೂ ಅವಳೇ.

ನರ್ಸು ಹೇಳಿಕೊಡುವುದನ್ನು ಸರಿಯಾಗಿಯೇ ಹೇಳಿಕೊಟ್ಟಳು. ಕೊರಳಿನ ಎಲುಬಿನಿಂದ ಕೆಳಗಿನ ಪಕ್ಕೆಲುಬಿನವರೆಗೆ, ಎದೆಯ ನಡುವಿನಿಂದ ಕಂಕುಳಿನವರೆಗೆ, ಬೆರಳಿನ ತುದಿಯಲ್ಲಲ್ಲ, ಬೆರಳಿನ ಹೊಟ್ಟೆಯಲ್ಲಿ, ಎಲ್ಲೂ ಬಿಡದೆ ನೋಡಬೇಕು ಎಂದಳು. ಇಸ್ತ್ರಿ ಮೇಜುಗಳ ನಡುವೆ ನಿಂತಿದ್ದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಮುಖ ಮರೆಸಿಕೊಂಡು ಕಿಸಕ್ಕನೆ ನಗುತ್ತಿದ್ದರು. ಯಾರೂ ಮುಂದೆ ಬರಲಿಲ್ಲ. ಆಗ ಓರಗಿತ್ತಿ ಕೆಲಸದ ಕೋಟಿನ ಮೇಲೆಯೇ ದಿಂಬು ಕಟ್ಟಿಕೊಂಡು, ಎದೆ ಸೆಟೆದು ಒಂದು ಸುತ್ತು ಹೊಡೆದು, ಕಣ್ಣುಮುಚ್ಚಿ ಕೈಯಿಟ್ಟಳು. ‘ಸಿಕ್ಕಿದ ನೋಡ್ರೇ ಕಳ್ಳ!’

ಆಮೇಲೆ ಎಲ್ಲರಿಗೂ ಸಂಕೋಚ ಬಿಟ್ಟುಹೋಯಿತು. ನಾ ಮುಂದು ತಾ ಮುಂದು ಎಂದು ಕಟ್ಟಿಕೊಂಡರು. ಯಾರು ಬೇಗ ಹುಡುಕುತ್ತಾರೆ ಎಂದು ಪಂದ್ಯವೇ ಆಯಿತು. ನರ್ಸಿಗೆ ಖುಷಿಯೋ ಖುಷಿ. ಅಲ್ಲಿಯವರೆಗೆ ಸ್ತನ ಎಂಬ ಪದ ಕೇಳಿದರೇ ನೆಲ ನೋಡುತ್ತಿದ್ದ ಹೆಂಗಸರು ಇವರು. ರಟ್ಟಿನ ಪೆಟ್ಟಿಗೆಯ ಕಾರ್ಖಾನೆ, ಟೆಲಿಫೋನ್ ಕಚೇರಿ, ಹೆಣ್ಣುಮಕ್ಕಳ ಹಾಸ್ಟೆಲ್ಲು, ಎಲ್ಲ ಕಡೆಗೂ ಜಿಪ್ಪಕ್ಕನ ಸಣ್ಣ ದಿಂಬುಗಳು ಹೋದವು. ಪಕ್ಕದ ಊರುಗಳ ಕೇಂದ್ರದವರೂ ಬಂದು ಕೇಳಿ ತೆಗೆದುಕೊಂಡು ಹೋದರು. ಜಿಪ್ಪಕ್ಕ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ, ಆದರೆ ಒಳಗೊಳಗೇ ಅವಳಿಗೆ ಹೆಮ್ಮೆಯಿತ್ತು. ಅಲ್ಲಿಯತನಕ ಅವಳ ಕೆಲಸ ಎಂದರೆ ಹರಿದದ್ದು, ಮುರಿದದ್ದು. ಇದೊಂದು ಅವಳು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಿದ ಹೊಸ ವಸ್ತು.

ಓರಗಿತ್ತಿ ತಿಂಗಳಿಗೊಮ್ಮೆ ತಪ್ಪದೆ ನೋಡಿಕೊಳ್ಳುತ್ತಿದ್ದಳು. ನೋಡಿಕೊಂಡು ಸುಮ್ಮನಿರುವವಳಲ್ಲ. ಮಹಡಿಯ ಮೆಟ್ಟಿಲ ಮೇಲೆ ನಿಂತು, ‘ಏನೂ ಇಲ್ಲ ಕಣೇ, ಎಲ್ಲಾ ಸರಿಯಾಗಿದೆ!’ ಎಂದು ಕೂಗುತ್ತಿದ್ದಳು. ಜಿಪ್ಪಕ್ಕನ ಗಂಡ ಕೆಳಗೆ ಷೂ ಹಾಕಿಕೊಳ್ಳುತ್ತಿದ್ದವನು ಕೇಳಿಸದವನ ಹಾಗೆ ಬಾಗಿಲು ದಾಟುತ್ತಿದ್ದ. ನರ್ಸು ದಾರಿಯಲ್ಲಿ ಸಿಕ್ಕಾಗೆಲ್ಲ, ‘ಕೈಯಲ್ಲಿ ನೋಡ್ಕೊಂಡ್ರೆ ಮುಗೀಲಿಲ್ಲಮ್ಮ. ನಿಮ್ಮ ವಯಸ್ಸಿನವರು ಕೇಂದ್ರಕ್ಕೂ ಬಂದು ತೋರಿಸ್ಕೋಬೇಕು, ಯಂತ್ರದಲ್ಲಿ ಚಿತ್ರ ತೆಗೆಸ್ಬೇಕು’ ಎನ್ನುತ್ತಿದ್ದಳು. ‘ನಮ್ಮನೇಲೇ ಕಾರ್ಖಾನೆ ಇಟ್ಕೊಂಡಿದೀವಿ ಸಿಸ್ಟರ್, ನನಗೆ ಯಾಕೆ ನಿಮ್ಮ ಯಂತ್ರ?’ ಎಂದು ಓರಗಿತ್ತಿ ಅದನ್ನು ಕಿವಿಗೆ ಹಾಕಿಕೊಳ್ಳುತ್ತಲೇ ಇರಲಿಲ್ಲ. ಜಿಪ್ಪಕ್ಕ ಪಕ್ಕದಲ್ಲೇ ಇರುತ್ತಿದ್ದಳು. ‘ಹೋಗಿ ಬನ್ನಿ ಅಕ್ಕ’ ಎಂದು ಒಂದು ಸಲವೂ ಹೇಳಲಿಲ್ಲ. ಹೇಳುವುದಕ್ಕೆ ಅವಳಿಗೇನು ದಾಡಿಯಾಗಿತ್ತು ಎಂದರೆ, ಮನೆಯಲ್ಲೇ ಕಾರ್ಖಾನೆ ಎಂಬ ಆ ಹೊಗಳಿಕೆ ಕೇಳುವುದಕ್ಕೆ ಅವಳಿಗೆ ಹಿತವಾಗಿತ್ತು, ಅಷ್ಟೇ.

ಹೀಗೇ ವರ್ಷಗಳು ಕಳೆದವು. ಒಂದು ದಿನ ಕೇಂದ್ರದವರು ತಪಾಸಣೆಗೆಂದು ಲಾಂಡ್ರಿಗೇ ಬಂದರು. ತಪಾಸಣೆಗೆ ಹೋದವರಿಗೆ ಅಷ್ಟು ಹೊತ್ತು ಕೆಲಸದಿಂದ ಬಿಡುವು ಎಂದು ಮೇಸ್ತ್ರಿ ಹೇಳಿದ್ದರಿಂದ ಓರಗಿತ್ತಿಯೂ ಸಾಲಿನಲ್ಲಿ ನಿಂತಳು. ಮಂಚದ ಮೇಲೆ ಮಲಗಿಯೂ ಅವಳ ಬಾಯಿ ನಿಂತಿರಲಿಲ್ಲ. ನರ್ಸಿನ ಬೆರಳು ಎಡಗಡೆ, ಮೇಲೆ, ಕಂಕುಳಿನ ಹತ್ತಿರ ಹೋಗಿ ನಿಂತಿತು. ಮತ್ತೆ ಅಲ್ಲೇ ಸುತ್ತಿತು.

‘ಇದು ಯಾವಾಗಿಂದ ಇದೆ?’

‘ಯಾವುದು?’

ನರ್ಸು ಅವಳ ಕೈಯನ್ನೇ ಹಿಡಿದು ಆ ಜಾಗಕ್ಕೆ ಇಟ್ಟಳು. ಓರಗಿತ್ತಿಯ ಮಾತು ಅಲ್ಲಿಗೆ ನಿಂತಿತು.

ಅವಳು ಮನೆಗೆ ಹೋಗಲಿಲ್ಲ. ನೇರವಾಗಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಕೆಲಸದ ಕೋಟನ್ನೂ ಬಿಚ್ಚಿರಲಿಲ್ಲ. ‘ಗಂಟಿದೆಯಂತೆ ಕಣೇ. ಚಿತ್ರ ತೆಗೀಬೇಕಂತೆ, ಸೂಜಿ ಹಾಕಿ ಒಂದು ಚೂರು ತೆಗೆದು ನೋಡ್ಬೇಕಂತೆ.’

ಜಿಪ್ಪಕ್ಕ ಯಂತ್ರ ನಿಲ್ಲಿಸಿದಳು. ‘ತಿಂಗಳು ತಿಂಗಳೂ ನೋಡ್ಕೋತಿದ್ರಲ್ಲ ಅಕ್ಕ?’

‘ನೋಡ್ಕೋತಿದ್ದೆ. ಇಲ್ಲಿ ಮೇಲ್ಗಡೆ ಇತ್ತು. ಅಲ್ಲಿ ಯಾರು ನೋಡ್ತಾರೆ?’

ಆ ಮಾತು ಜಿಪ್ಪಕ್ಕನಿಗೆ ಎಲ್ಲೋ ಚುಚ್ಚಿತು. ನರ್ಸು ಎಲ್ಲ ಕಡೆ ನೋಡಿ ಎಂದು ಪ್ರತಿ ಸಲ ಹೇಳುತ್ತಾಳೆ, ಅಕ್ಕ ಪ್ರತಿ ಸಲ ಕೇಳಿದ್ದಾಳೆ. ಎದ್ದು ಮೊಳೆಯಿಂದ ಒಂದು ದಿಂಬು ತೆಗೆದುಕೊಟ್ಟು, ‘ಇದರಲ್ಲಿ ಒಂದ್ಸಲ ನೋಡಿ’ ಎಂದಳು.

‘ಈಗ ಇದೇನೇ ನಿನ್ನದು?’ ಎಂದು ಸಿಡುಕುತ್ತಲೇ ಓರಗಿತ್ತಿ ಅದನ್ನು ಎದೆಗೆ ಹಿಡಿದಳು. ಕೈ ಬೇರೆಲ್ಲೂ ಸುಳಿಯದೆ ಕೆಳಗೆ ಹೊರಮಗ್ಗುಲಿಗೆ ಹೋಯಿತು, ಕೈಹೊಲಿಗೆಯ ದಪ್ಪ ಅಂಚಿನ ಪಕ್ಕಕ್ಕೆ. ಜಿಪ್ಪಕ್ಕ ಇನ್ನೊಂದು ಕೊಟ್ಟಳು. ಅಲ್ಲೇ. ಮತ್ತೊಂದು. ಅಲ್ಲೇ.

‘ಎಲ್ಲದರಲ್ಲೂ ಅಲ್ಲೇ ತಾನೇ ಇರೋದು?’ ಎಂದು ಓರಗಿತ್ತಿ ಅದನ್ನು ಮೇಜಿನ ಮೇಲೆ ಹಾಕಿದಳು. ಅವಳ ಮನಸ್ಸು ಅಲ್ಲಿರಲಿಲ್ಲ. ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದಳು.

ಜಿಪ್ಪಕ್ಕ ಮೇಜಿನ ಮೇಲಿನ ದಿಂಬುಗಳನ್ನು ನೋಡಿದಳು. ಬಾಯಿ ಬಿಟ್ಟಿದ್ದು ಅಲ್ಲಿ, ಮಣಿ ತೂರಿಸಿದ್ದು ಅಲ್ಲಿ, ಮುಚ್ಚಿದ್ದು ಅಲ್ಲಿ. ಒಂದರಲ್ಲಾದರೂ ಬೇರೆ ಕಡೆ ಇಟ್ಟೆನೇ ಎಂದು ನೆನಪು ಮಾಡಿಕೊಂಡಳು. ಇಟ್ಟಿರಲಿಲ್ಲ. ಅವಳು ತನ್ನ ಹೊಲಿಗೆಯ ಅನುಕೂಲ ನೋಡಿಕೊಂಡಿದ್ದಳು. ಹೆಂಗಸರ ಕೈಗೆ ಆ ಜಾಗ ಬಾಯಿಪಾಠವಾಗಿತ್ತು. ಬಸ್ಸಿನ ನಂಬರು ಹೇಳಿದಳು, ಬೇರೇನೂ ಹೇಳಲಿಲ್ಲ.

ಅಂದು ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನು ತಟ್ಟೆಯಿಂದ ಕೈ ತೆಗೆದು ಅವಳನ್ನೇ ನೋಡಿದ. ಅವತ್ತು ಅವನಿಗೆ ತಮಾಷೆ ಹೊಳೆಯಲಿಲ್ಲ.

‘ನೀನೇನು ಡಾಕ್ಟರಾ? ಅವರು ಕೇಳಿದ್ರು, ನೀನು ಹೊಲ್ದುಕೊಟ್ಟೆ. ಅತ್ತಿಗೆಗೆ ಇದನ್ನ ಹೇಳಿ ಏನು ಸಾಧಿಸ್ತೀಯ? ಮೊದಲೇ ಅವರು ಬೆಂದಿದಾರೆ. ಸುಮ್ನಿದ್ದುಬಿಡು, ಸುಮ್ನಿರೋದು ನಿನಗೇನು ಕಷ್ಟದ ಕೆಲಸ ಅಲ್ಲ.’

‘ಬೇರೆಯವರೂ ಹಾಗೇ ಕಲ್ತಿದಾರಲ್ಲ ರೀ. ಅಕ್ಕನ ಹಾಗೇ ಎಷ್ಟು ಜನ ಏನೂ ಇಲ್ಲ ಅಂತ ಕೂತಿದಾರೋ.’

ಅವನು ತಟ್ಟೆ ಎತ್ತಿಕೊಂಡು ಎದ್ದ.

ಮಾರನೆಯ ದಿನ ಅಂಗಡಿ ತೆಗೆಯದೆ ಕೇಂದ್ರಕ್ಕೆ ಹೋದಳು. ನರ್ಸು ಮೊದಲು ನಂಬಲಿಲ್ಲ. ಕಪಾಟು ತೆಗೆದು ಒಂದೊಂದೇ ದಿಂಬು ಒತ್ತಿ ನೋಡಿದಳು, ಒತ್ತುತ್ತ ಒತ್ತುತ್ತ ಕುರ್ಚಿಯ ಮೇಲೆ ಕೂತುಬಿಟ್ಟಳು. ‘ಪಾಠ ಮಾಡ್ವಾಗ ದಿನಾ ಇವನ್ನೇ ಮುಟ್ತಿದ್ದೆನಲ್ಲ! ಮೇಲ್ಗಡೆ, ಕಂಕುಳಿನ ಪಕ್ಕಾನೇ ಹೆಚ್ಚಾಗಿ ಬರತ್ತೆ ಅಂತ ನಾನೇ ಹೇಳ್ತಾ ಹೇಳ್ತಾ...’ ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದ ಜಿಪ್ಪಕ್ಕನಿಗೆ ಇದು ಇನ್ನೂ ಕಷ್ಟವಾಯಿತು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಕೇಂದ್ರದ ಡಾಕ್ಟರಮ್ಮ ಇಬ್ಬರ ಮಾತನ್ನೂ ಕೇಳಿ, ‘ಹೀಗಿರಬಹುದು ಅಂತ ಅಳ್ತಾ ಕೂತ್ರೆ ಆಗಲ್ಲ. ಹೌದೋ ಅಲ್ಲವೋ ನೋಡಿಬಿಡೋಣ’ ಎಂದರು. ಜಿಪ್ಪಕ್ಕ ಹಳೆಯ ದಿಂಬುಗಳ ಹೊಲಿಗೆ ಬಿಚ್ಚಿ ಮಣಿಯ ಜಾಗ ಬದಲಿಸಿಕೊಟ್ಟಳು. ಒಂದರಲ್ಲಿ ಕಂಕುಳಿನ ಹತ್ತಿರ, ಒಂದರಲ್ಲಿ ಎದೆಯ ನಡು ಎಲುಬಿನ ಪಕ್ಕ, ಒಂದರಲ್ಲಿ ತೊಟ್ಟಿನ ಹಿಂದೆ ಆಳದಲ್ಲಿ. ಅವನ್ನು ಲಾಂಡ್ರಿಗೆ, ಕಾರ್ಖಾನೆಗೆ ಒಯ್ದು ಹಿಂದೆ ಕಲಿತಿದ್ದವರ ಕೈಗೂ ಕೊಟ್ಟರು, ಎಂದೂ ಕಲಿಯದಿದ್ದವರ ಕೈಗೂ ಕೊಟ್ಟರು. ಕಲಿತವರು ಹೊಲಿಗೆಯ ಪಕ್ಕ ಒತ್ತಿ, ‘ಇದರಲ್ಲಿಲ್ಲ ಸಿಸ್ಟರ್’ ಎಂದು ವಾಪಸು ಕೊಟ್ಟರು. ಏನೂ ಗೊತ್ತಿಲ್ಲದವರು ಎಲ್ಲೆಂದರಲ್ಲಿ ತಡಕಾಡಿದರು, ತಡಕಾಡಿದ್ದರಿಂದಲೇ ಅವರಲ್ಲಿ ಹೆಚ್ಚು ಜನಕ್ಕೆ ಸಿಕ್ಕಿತು. ಡಾಕ್ಟರಮ್ಮ ಇದನ್ನೆಲ್ಲ ಬರೆದು ದಿಂಬು ಹೋಗಿದ್ದ ಊರುಗಳಿಗೆ ಕಳಿಸಿದರು. ‘ಪರೀಕ್ಷೆ ಮಾಡದೆ ಬಳಸಿದ್ದು ನಮ್ಮ ತಪ್ಪು, ಹೊಲಿದವರದ್ದಲ್ಲ’ ಎಂದು ಜಿಪ್ಪಕ್ಕನಿಗೆ ಹೇಳಿದರು. ಅವಳು ತಲೆಯಾಡಿಸಿದಳು, ಅದು ಒಳಗೆ ಇಳಿಯಲಿಲ್ಲ.

ಇಷ್ಟಾದರೂ ಓರಗಿತ್ತಿಗೆ ಹೇಳಿರಲಿಲ್ಲ. ಇವತ್ತು ನಾಳೆ ಎಂದು ಮುಂದೂಡುತ್ತಿರುವಾಗಲೇ ಆಸ್ಪತ್ರೆಯಿಂದ ಫಲಿತಾಂಶ ಬಂತು. ಕ್ಯಾನ್ಸರ್. ಆಪರೇಷನ್ ಮಾಡಬೇಕು, ಎಡಗಡೆಯದನ್ನು ಪೂರ್ತಿ ತೆಗೆಯಬೇಕು. ಆವತ್ತು ಜಿಪ್ಪಕ್ಕ ಮಹಡಿ ಹತ್ತಿದಳು. ಓರಗಿತ್ತಿ ಆಸ್ಪತ್ರೆಗೆ ಒಯ್ಯುವ ಬಟ್ಟೆ ಮಡಚುತ್ತಿದ್ದಳು. ಇಸ್ತ್ರಿಯವಳ ಕೈ, ಒಂದು ನಿರಿಗೆ ಹೆಚ್ಚು ಕಡಿಮೆ ಇರಲಿಲ್ಲ. ಜಿಪ್ಪಕ್ಕ ಬಾಗಿಲಲ್ಲೇ ನಿಂತು, ಮಣಿ, ಬಾಯಿ, ಹೊಲಿಗೆ, ಎಲ್ಲವನ್ನೂ ಹೇಳಿದಳು. ಅಷ್ಟು ಉದ್ದದ ಮಾತು ಅವಳು ಆ ಮನೆಯಲ್ಲಿ ಹಿಂದೆಂದೂ ಆಡಿರಲಿಲ್ಲ.

ಓರಗಿತ್ತಿ ಮಡಚುವುದನ್ನು ನಿಲ್ಲಿಸಲಿಲ್ಲ. ‘ನಿನಗೆ ಯಾವಾಗ ಗೊತ್ತಾಯ್ತು?’

‘ನೀವು ಅಂಗಡಿಗೆ ಬಂದ್ರಲ್ಲ, ಅವತ್ತೇ.’

‘ಅವತ್ತು ಗೊತ್ತಾಗಿದ್ದನ್ನ ಇವತ್ತು ಹೇಳ್ತಿದೀಯ.’ ಇನ್ನೊಂದು ಬಟ್ಟೆ ತೆಗೆದುಕೊಂಡಳು. ‘ಸಿಸ್ಟರು ಯಂತ್ರಕ್ಕೆ ಬಾ ಅಂತ ಕರೀತಾನೇ ಇದ್ಲು. ಡಾಕ್ಟರು, ಯಂತ್ರ ಎಲ್ಲಕ್ಕಿಂತ ನಿನ್ನ ಕೈ ಮೇಲೆ ನಂಬಿಕೆ ಇಟ್ಟಿದ್ದೆ ಕಣೇ. ಕೆಳಗೆ ಹೋಗು.’

ಆಪರೇಷನ್ ಆಯಿತು. ಗಂಟು ಸಣ್ಣದೇನೂ ಆಗಿರಲಿಲ್ಲ, ಆದರೆ ಬೇರೆ ಕಡೆ ಹರಡಿದ ಗುರುತು ಸಿಕ್ಕಲಿಲ್ಲ. ಮುಂಚೆ ಸಿಕ್ಕಿದ್ದರೆ ಪೂರ್ತಿ ತೆಗೆಯದೆ ಉಳಿಸಬಹುದಿತ್ತೇ ಎಂದು ಜಿಪ್ಪಕ್ಕ ಆಸ್ಪತ್ರೆಯ ಡಾಕ್ಟರನ್ನು ಕೇಳಿದಳು. ‘ಇರಬಹುದು, ಇಲ್ಲದೆಯೂ ಇರಬಹುದು. ತಪಾಸಣೆಗೆ ಕ್ರಮವಾಗಿ ಬರ್ತಿದ್ರೆ ಗೊತ್ತಾಗ್ತಿತ್ತೇನೋ’ ಎಂದು ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರು. ಅದಕ್ಕಿಂತ ಹೆಚ್ಚಿಗೆ ಯಾರೂ ಹೇಳುವಂತಿರಲಿಲ್ಲ.

ಮನೆಗೆ ಬಂದ ಮೇಲೆ ಜಿಪ್ಪಕ್ಕ ಹೊತ್ತು ಹೊತ್ತಿಗೆ ಅಡುಗೆ ಮಾಡಿ ಮೇಲೆ ಒಯ್ದಿಡುತ್ತಿದ್ದಳು. ತಟ್ಟೆ ಖಾಲಿಯಾಗಿ, ತೊಳೆದು, ಬಾಗಿಲ ಹೊರಗೆ ಬಂದಿರುತ್ತಿತ್ತು. ಮಾತು ಮಾತ್ರ ಇಲ್ಲ. ಹೇಳಬೇಕಾದದ್ದನ್ನು ಓರಗಿತ್ತಿ ಮೈದುನನ ಮೂಲಕ ಹೇಳಿಸುತ್ತಿದ್ದಳು. ‘ನಿನ್ನ ಹೆಂಡ್ತಿಗೆ ಹೇಳಪ್ಪ, ಉಪ್ಪು ಕಡಿಮೆ ಮಾಡ್ಲಿ’ ಎಂದು ಮೆಟ್ಟಿಲಿಂದ ಕೂಗುವಳು, ಜಿಪ್ಪಕ್ಕ ಅಲ್ಲೇ ಮೂರು ಹೆಜ್ಜೆ ದೂರದಲ್ಲಿ ನಿಂತಿರುವಳು. ಅವನು ಹೆಂಡತಿಯ ಕಡೆ ತಿರುಗಿ, ‘ಉಪ್ಪು ಕಡಿಮೆ ಮಾಡ್ಬೇಕಂತೆ’ ಎಂದು ವರದಿ ಒಪ್ಪಿಸುವನು. ಹೊರಗಿನವರು ನೋಡಿದ್ದರೆ ನಗುತ್ತಿದ್ದರು. ಜಿಪ್ಪಕ್ಕನಿಗೆ ಆ ಮೌನ ಬೈಗುಳಕ್ಕಿಂತ ಹೆಚ್ಚು ಉರಿಯುತ್ತಿತ್ತು. ಸತ್ತುಹೋಗುತ್ತಾಳೇನೋ ಎಂಬ ಹೆದರಿಕೆ ಒಂದು, ಬದುಕಿಯೂ ಇನ್ನೆಂದೂ ಮಾತಾಡಿಸುವುದಿಲ್ಲವೇನೋ ಎಂಬ ಹೆದರಿಕೆ ಇನ್ನೊಂದು. ಎರಡೂ ಅವಳ ಜೊತೆ ಅಂಗಡಿಗೆ ಬಂದು ಕೂತಿರುತ್ತಿದ್ದವು.

ಹಳೆಯ ದಿಂಬುಗಳನ್ನೆಲ್ಲ ಕೇಂದ್ರದವರು ವಾಪಸು ತರಿಸಿದರು. ಜಿಪ್ಪಕ್ಕ ಒಂದೊಂದನ್ನೂ ಬಿಚ್ಚಿ ಹೊಸದಾಗಿ ಹೊಲಿದಳು. ಬಾಯಿಯನ್ನು ಹಿಂಬದಿಗೆ ಹಾಕಿದಳು. ಮಣಿಯನ್ನು ಜಾಳಿಗೆಯ ಸಣ್ಣ ಚೀಲದಲ್ಲಿ ಕಟ್ಟಿ, ತುಂಬುವ ಮುಂಚೆಯೇ ಒಳಬಟ್ಟೆಗೆ ಭದ್ರ ಮಾಡಿದರೆ ಜಾರುವುದಿಲ್ಲ ಎಂದು ಈಗ ಗೊತ್ತಾಯಿತು. ಆಗಲೇ ಇನ್ನೆರಡು ದಿನ ತಲೆ ಓಡಿಸಿದ್ದರೆ ಗೊತ್ತಾಗುತ್ತಿತ್ತಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು. ಒಂದರ ಹಾಗೆ ಇನ್ನೊಂದು ಇರಲಿಲ್ಲ. ಕೆಲವುಗಳಲ್ಲಿ ಏನನ್ನೂ ಇಡಲಿಲ್ಲ.

ಹೇಳಿಕೊಡುವ ದಿನಗಳಲ್ಲಿ ನರ್ಸಿನ ಜೊತೆ ತಾನಾಗಿಯೇ ಹೋಗತೊಡಗಿದಳು. ಮೊದಲ ಸಲ ಪೆಟ್ಟಿಗೆ ಕಾರ್ಖಾನೆಯಲ್ಲಿ ಎದ್ದು ನಿಂತಾಗ ಇಷ್ಟೇ ಹೇಳಿದಳು: ‘ಮುಂಚೆ ನಿಮಗೆ ಕೊಟ್ಟಿದ್ನಲ್ಲ, ಅದನ್ನ ನಾನು ತಪ್ಪು ಹೊಲಿದಿದ್ದೆ. ನಮ್ಮಕ್ಕ ಅದರಲ್ಲೇ ಕಲಿತ್ರು. ಅವರ ಗಂಟು ಬೇರೆ ಕಡೆ ಇತ್ತು. ಅದಕ್ಕೆ ಎಲ್ಲಾ ಕಡೆ ನೋಡಿ. ನೋಡಿ ಏನೂ ಇಲ್ಲ ಅನ್ಸಿದ್ರೂ ಕೇಂದ್ರಕ್ಕೆ ಹೋಗಿ.’ ಕಾರ್ಖಾನೆಯಲ್ಲಿ ಯಾರೂ ನಗಲಿಲ್ಲ. ಪಂದ್ಯ ಕಟ್ಟುವವರೂ ಇರಲಿಲ್ಲ. ಒಬ್ಬಳು ಬಹಳ ಹೊತ್ತು ಹುಡುಕಿ ಸಿಟ್ಟಾಗಿ, ‘ಇದರಲ್ಲಿ ಗಂಟು ಹಾಕೋದೇ ಮರೆತಿದೀರ’ ಎಂದಳು. ‘ಪೂರ್ತಿ ನೋಡಿದ್ರಾ?’ ‘ಮೂಲೆ ಮೂಲೆ ನೋಡಿದೆ.’ ‘ಹಾಗಾದ್ರೆ ಸರಿ’ ಎಂದಳು ಜಿಪ್ಪಕ್ಕ. ಅಲ್ಲಿಂದ ಇಬ್ಬರು ಏನೋ ಸಿಕ್ಕಿತೆಂದು ಕೇಂದ್ರಕ್ಕೆ ಹೋದರು. ಒಬ್ಬಳದು ನೀರುಗುಳ್ಳೆ, ಇನ್ನೊಬ್ಬಳದು ಏನೂ ಅಲ್ಲ. ನಗುನಗುತ್ತ ಮನೆಗೆ ಹೋದರಂತೆ. ನರ್ಸು ಜಿಪ್ಪಕ್ಕನನ್ನೂ ಬಿಡದೆ ಮಂಚದ ಮೇಲೆ ಮಲಗಿಸಿ ನೋಡಿದಳು, ಯಂತ್ರದಲ್ಲೂ ಚಿತ್ರ ತೆಗೆಸಿದಳು. ಏನೂ ಇರಲಿಲ್ಲ. ಆ ಸುದ್ದಿಯನ್ನು ಮನೆಗೆ ಹೋಗಿ ಹೇಳುವುದಕ್ಕೆ ಅವಳಿಗೆ ಮುಖವಿರಲಿಲ್ಲ.

ಓರಗಿತ್ತಿಯ ಚಿಕಿತ್ಸೆ ಮುಗಿಯಿತು. ಉದುರಿದ ಕೂದಲು ಮತ್ತೆ ಚಿಗುರಿತು. ಕೆಲಸಕ್ಕೆ ಬರಬಹುದು ಎಂದು ಲಾಂಡ್ರಿಯವರು ಹೇಳಿಕಳಿಸಿದರು. ಆ ವಾರವೇ ಒಂದು ಮಧ್ಯಾಹ್ನ, ಜಿಪ್ಪಕ್ಕ ಯಾವುದೋ ಜಾಕೆಟ್ಟಿನ ಜಿಪ್ಪಿಗೆ ಮೇಣ ಹಚ್ಚುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಓರಗಿತ್ತಿ ಒಳಗೆ ಬಂದು ಪರದೆಯ ಹಿಂದೆ ಹೋಗಿ ನಿಂತಳು.

‘ಬಾ ಇಲ್ಲಿ.’

ತಿಂಗಳುಗಟ್ಟಲೆ ಆದಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು. ಜಿಪ್ಪಕ್ಕ ಎದ್ದು ಹೋದಳು. ಓರಗಿತ್ತಿ ಅಂಗಿಯ ಗುಂಡಿ ಬಿಚ್ಚಿದಳು. ಎಡಗಡೆ ಚಪ್ಪಟೆ ಜಾಗ, ಅಡ್ಡಕ್ಕೆ ಕಂಕುಳಿನವರೆಗೆ ಗೆರೆಯಾಗಿ ಉಳಿದ ಗಾಯ. ಜಿಪ್ಪಕ್ಕ ಅದನ್ನು ಆವರೆಗೆ ನೋಡಿರಲಿಲ್ಲ. ಈಗ ನೋಡಿದಳು, ಕಣ್ಣು ತೆಗೆಯಲಿಲ್ಲ.

‘ಆಸ್ಪತ್ರೇಲಿ ಒಂದು ರಬ್ಬರಿಂದು ಕೊಟ್ಟಿದಾರೆ. ಇಸ್ತ್ರಿ ಆವಿಗೆ ಅದು ಬೆವತು ಮೈಗೆ ಅಂಟ್ಕೊಳ್ಳತ್ತೆ, ನವೆ. ಹಾಗೇ ಹೋದ್ರೆ ಕೋಟು ಒಂದು ಕಡೆ ಜೋತುಬೀಳತ್ತೆ. ನನಗೊಂದು ಬಟ್ಟೇಲಿ ಹೊಲಿ. ಒಳಗೆ ಹತ್ತಿ ಹಾಕು, ಸ್ಪಂಜು ಬೇಡ, ಸೆಕೆಯಾಗತ್ತೆ.’

‘ನಾನಾ ಅಕ್ಕ?’

‘ಮತ್ತೆ ಬೀಗ ರಿಪೇರಿಯವನಾ?’

ಜಿಪ್ಪಕ್ಕ ಟೇಪು ತಂದಳು. ಅಳತೆಯನ್ನು ಇನ್ನೊಂದು ಕಡೆಯದರಿಂದ ತೆಗೆದುಕೊಳ್ಳಬೇಕು. ಅವಳು ಟೇಪನ್ನು ಮೈಗೆ ತಾಗಿಸದೆ ಹಿಡಿದಳು. ‘ಹಾಗೆ ಹೆದರ್ಕೊಂಡು ಹಿಡಿದ್ರೆ ಅಳತೆ ಹೇಗೆ ಬರತ್ತೆ?’ ಎಂದು ಓರಗಿತ್ತಿ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಟೇಪನ್ನು ಒತ್ತಿ ಹಿಡಿದಳು. ಆಮೇಲೆ ಓರಗಿತ್ತಿ, ಗುಂಡಿಗೆ ಎಷ್ಟು ದಾರ ಬೇಕು ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು:

‘ಇದರೊಳಗೆ ಮಾತ್ರ ಏನೂ ಇಡಬೇಡ ಕಣೇ. ಹುಡುಕಿ ಹುಡುಕಿ ನಂಗೆ ಸಾಕಾಗಿದೆ.’

ಜಿಪ್ಪಕ್ಕ ಪರದೆಯ ಬುಡದಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತಳು. ಅವಳ ದನಿ ಅಷ್ಟು ದೊಡ್ಡದು ಎಂದು ಓಣಿಗೆ ಅವತ್ತೇ ಗೊತ್ತಾದದ್ದು. ಬೀಗ ರಿಪೇರಿಯವನು ಸುತ್ತಿಗೆ ಹಿಡಿದುಕೊಂಡೇ ಓಡಿಬಂದ. ಓರಗಿತ್ತಿ ಪರದೆಯ ಸಂದಿಯಿಂದ ತಲೆಯಷ್ಟೇ ಹೊರಗೆ ಹಾಕಿ, ‘ಏನೂ ಇಲ್ಲ, ಹೋಗಪ್ಪ, ಹೆಂಗಸರ ವಿಷಯ’ ಎಂದು ಅವನನ್ನು ಓಡಿಸಿದಳು. ತಾನೂ ಅಂಗಿಯ ತೋಳಿಗೆ ಕಣ್ಣು ಒರೆಸಿಕೊಂಡಳು. ಆಮೇಲೆ ನೆಲಕ್ಕೆ ಬಿದ್ದಿದ್ದ ಟೇಪನ್ನು ಎತ್ತಿ ಜಿಪ್ಪಕ್ಕನ ಕೈಗೆ ಕೊಟ್ಟು, ‘ಅತ್ತಿದ್ದು ಆಯ್ತಾ? ಅಳತೆ ಬರ್ಕೋ, ಸೋಮವಾರ ಕೆಲಸಕ್ಕೆ ಹೋಗ್ಬೇಕು’ ಎಂದಳು.